ಅಂಕಲಿಯ ದಂಡೆಯಲ್ಲಿ ಹೊಲೊಸೀನ್ ಗಡಿ

೨೦೨೨ರ ಮೇ ತಿಂಗಳಲ್ಲಿ ನಾನು ಭೂವಿಜ್ಞಾನಿಯಾಗಿ ಚಿಕ್ಕೋಡಿಯಲ್ಲಿದ್ದೆ. ಹೆಂಡತಿ ತೀರಿಕೊಂಡ ಮೇಲೆ ನಾನೇ ಕೇಳಿ ಪಡೆದ ಫೀಲ್ಡ್ ಕೆಲಸ ಅದು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆಯಾದರೆ ಬಾಡಿಗೆ ರೂಮಿಗೆ ಹೋಗುವುದೇ ಬೇಡವೆನಿಸುತ್ತಿತ್ತು.

ಅಂಕಲಿ ಬಳಿ ಕೃಷ್ಣೆ ಕೊರೆದ ಮಣ್ಣಿನ ದಂಡೆಯಲ್ಲಿ ನಾನು ಎರಡು ಕಾಲಗಳ ಗಡಿ ಗುರುತಿಸಬೇಕಿತ್ತು. ಕೆಳಗಿನದು ಪ್ಲೈಸ್ಟೊಸೀನ್, ಅಂದರೆ ಹಿಮಯುಗಗಳ ಕಾಲ. ಮೇಲಿನದು ಹೊಲೊಸೀನ್, ಸುಮಾರು ೧೧,೭೦೦ ವರ್ಷಗಳ ಹಿಂದೆ ಶುರುವಾಗಿ ಇಂದಿಗೂ ನಡೆದಿರುವ ನಮ್ಮ ಕಾಲ. ಗಡಿಯ ಮೇಲೊಂದು, ಕೆಳಗೊಂದು ಪೈಪು ಹೊಡೆದು, ಬೆಳಕು ತಾಗದಂತೆ ಮಣ್ಣು ತೆಗೆದರೆ ಲ್ಯಾಬಿನಲ್ಲಿ ವಯಸ್ಸು ತಿಳಿಯುತ್ತದೆ. ಮಳೆಗಾಲದಲ್ಲಿ ಹೊಳೆ ಏರಿದರೆ ಆ ದಂಡೆ ಉಳಿಯುವ ನಂಬಿಕೆ ಇರಲಿಲ್ಲ. ನನಗೆ ಅವಸರವಿತ್ತು.

ಗಡಿಯುದ್ದಕ್ಕೂ ಗೂಟ ಬಡಿದು ಬಿಳಿ ದಾರ ಕಟ್ಟಿ ಬಂದೆ. ಮರುದಿನ ನೋಡಿದರೆ ಗೂಟಗಳೆಲ್ಲ ಕಿತ್ತು ಬಿದ್ದಿದ್ದವು. ಪಕ್ಕದಲ್ಲೇ ಮಾರುತಿ ನಿಂತಿದ್ದ. ಆ ದಂಡೆ, ಅದರ ಮೇಲಿನ ಕಬ್ಬಿನ ಹೊಲ ಎರಡೂ ಅವನಿಗೂ ಅವನ ಅಣ್ಣ ರಾಯಪ್ಪನಿಗೂ ಸೇರಿದ್ದು. ಪಾಲಿನ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು.

"ವಾಟ್ನಿ ಮಾಡಾಕ ಅಣ್ಣ ಕರಸ್ಯಾನೇನ್ರಿ?" ಎಂದ. ವಾಟ್ನಿ ಎಂದರೆ ಆ ಕಡೆ ಆಸ್ತಿ ಪಾಲು.

"ಇಲ್ಲಪ್ಪಾ, ಇದು ಕಾಲದ ವಾಟ್ನಿ."

"ಹಂಗಾರ ಕೆಳಗಿಂದು ಯಾರ ಪಾಲಿಗ್ರಿ?"

ಆಗ ಇಲ್ಲಿದ್ದ ಕಾಡೆತ್ತು, ಆನೆಗಳ ಪಾಲಿಗೆ ಎಂದೆ. ಮೇಲಿನದು ನಮ್ಮೆಲ್ಲರದು ಎಂದೆ. ಅವನು ನಗಲಿಲ್ಲ.

"ಅಂವನೂ ಹೂಂ ಅನ್ಲಿ. ಆಮ್ಯಾಲ ಪೈಪ ಹೊಡೀರಿ."

ರಾಯಪ್ಪನನ್ನು ಕರೆತಂದೆ. ಇಬ್ಬರೂ ದೂರದೂರ ನಿಂತರು.

"ಅಂವಗ ಹೇಳ್ರಿ, ನಂದೇನ್ ತಕರಾರ ಇಲ್ಲ," ಎಂದ ರಾಯಪ್ಪ.

"ನಂದೂ ಇಲ್ಲಂತ ಹೇಳ್ರಿ," ಎಂದ ಮಾರುತಿ.

ಇಬ್ಬರಿಗೂ ಕೇಳಿಸಿದ ಮಾತನ್ನೇ ನಾನು ಗಂಭೀರವಾಗಿ ಅತ್ತಿಂದಿತ್ತ ಮುಟ್ಟಿಸಿದೆ. ನಗು ಬಂತು. ಹೊಟ್ಟೆಕಿಚ್ಚೂ ಆಯಿತು. ಮಾತು ಬಿಡುವುದಕ್ಕಾದರೂ ಅವರಿಗೆ ಒಬ್ಬರಿಗೊಬ್ಬರು ಇದ್ದರು.

ಬೆಳಕು ತಡೆಯಲು ನಾನು ಕಪ್ಪು ಬಟ್ಟೆ ಹಿಡಿದು ನಿಲ್ಲಬೇಕಿತ್ತು. ಹಾಗಾಗಿ ಮಾರುತಿ ಪೈಪು ಹಿಡಿದ, ರಾಯಪ್ಪ ಸುತ್ತಿಗೆ ಎತ್ತಿದ. ಎತ್ತಿದವನು ಹಾಗೇ ತಡೆದ.

"ಕೈ ಸರಸೋ, ಪೆಟ್ಟ ಗಿಟ್ಟ ಬಿದ್ದೀತು."

ಈ ಸಲ ಅವನು ನನ್ನ ಕಡೆ ನೋಡಿರಲಿಲ್ಲ.

"ಹೊಡಿಯಣ್ಣಾ, ಹಿಡದೀನಿ."

ಎರಡೂ ಸ್ಯಾಂಪಲ್ ಸಿಕ್ಕವು. ಕೆಲಸ ಮುಗಿದ ಮೇಲೆ ಅವರು ಬೇರೆಬೇರೆ ದಾರಿಯಲ್ಲೇ ಹೋದರು. ಜಗಳ ಅಲ್ಲಿಗೆ ತೀರಿತು ಎನ್ನಲಾರೆ.

ನಾನು ಮತ್ತೆ ಕಟ್ಟಿದ ದಾರ ನೆಟ್ಟಗಿತ್ತು. ಮಣ್ಣಿನಲ್ಲಿ ಅಂಥ ಗೆರೆಯೇನೂ ಇರಲಿಲ್ಲ. ಹಳದಿ ಬಣ್ಣ ಒಂದು ಗೇಣಿನಷ್ಟು ಜಾಗದಲ್ಲಿ ನಿಧಾನವಾಗಿ ಕಪ್ಪಿಗೆ ತಿರುಗಿತ್ತು. ಗಡಿ ನಾವು ನಮ್ಮ ಲೆಕ್ಕಕ್ಕೆ ಹಾಕಿಕೊಳ್ಳುವುದು, ಅದರ ಆಚೆಯೂ ಈಚೆಯೂ ಇರುವುದು ಒಂದೇ ಹೊಳೆಯ ಮಣ್ಣು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಆ ಸಂಜೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಕೇಳುವವಳು ಇರಲಿಲ್ಲ.