ಹುಣಸೆಮರದ ಬಾಣಂತಿಯರು

ಪ್ರವಾಸದಲ್ಲಿ ನಾನು ನೋಡುವುದೇ ಬೇರೆ. ಬಸರಾಳಿನ ಹೊಯ್ಸಳ ಗುಡಿಯಲ್ಲಿ ಎಲ್ಲರೂ ಶಿಲ್ಪ ನೋಡುತ್ತಿದ್ದರೆ ನಾನು ತಲೆಯ ಮೇಲಿನ ಚಪ್ಪಡಿಯನ್ನೇ ನೋಡುತ್ತಿದ್ದೆ. ಇಷ್ಟು ಶತಮಾನ ನಿಂತದ್ದು, ಬೀಳಲು ನಾನು ಬರಲಿ ಎಂದೇ ಕಾದಿರಬಹುದಲ್ಲ! ಮುತ್ತತ್ತಿಯಲ್ಲಿ ಹೊಳೆಗಿಂತ ಕೋತಿಗಳ ಭಯ. ಕೋತಿಗಳಿಗಿಂತ, ಅವು ಕಚ್ಚಿದರೆ ಚುಚ್ಚಿಸಿಕೊಳ್ಳಬೇಕಾದ ಸೂಜಿಯ ಭಯ.

ಇಂಥವನ ಮಗಳು ಚೊಚ್ಚಲ ಬಸುರಿ. ಮಳವಳ್ಳಿಯ ಗಂಡನ ಮನೆಯಿಂದ ಫೋನಿನಲ್ಲೇ ಷರತ್ತು ಹಾಕಿದ್ದಳು: "ಅಪ್ಪಾ, ಇಲ್ಲಿಗೆ ಬಂದು ಒಂದೇ ಒಂದು ಸಲ ಗಾಬರಿ ಬಿದ್ರೂ ನಾನು ಬರಲ್ಲ. ಹೆರಿಗೆ ಇಲ್ಲೇ, ನಮ್ಮತ್ತೆ ಹತ್ರಾನೇ." ತಮಾಷೆಯಲ್ಲ. ಅತ್ತೆಯೂ ತಯಾರಾಗಿದ್ದರು. ಇತ್ತ ನನ್ನ ಹೆಂಡತಿ ಹಳೆಯ ಪಂಚೆಗಳನ್ನೆಲ್ಲ ಹರಿದು, ಕೂಸಿಗೆಂದು ಒಗೆದು ಮಡಚಿಟ್ಟು ಕಾಯುತ್ತಿದ್ದಳು.

ಕರೆತರುವ ದಿನ ರಾಹುಕಾಲಕ್ಕೆ ಹೆದರಿ ಮಂಡ್ಯದಿಂದ ಎಷ್ಟು ಬೇಗ ಹೊರಟೆನೆಂದರೆ, ಬೀಗರು ಹಲ್ಲುಜ್ಜುವ ಹೊತ್ತಿಗೆ ಅವರ ಬಾಗಿಲಲ್ಲಿ ನಿಲ್ಲುವ ಅಪಾಯವಿತ್ತು. "ಮದ್ದೂರಿನ ಕಡೆಯಿಂದ ಸುತ್ತಿ, ಕೊಕ್ಕರೆ ಬೆಳ್ಳೂರಲ್ಲಿ ಹಕ್ಕಿನಾದ್ರೂ ನೋಡೋಣ" ಎಂದಳು ಹೆಂಡತಿ.

ಅಲ್ಲಿ ಮನೆಗಳ ನಡುವಿನ ಮರಗಳ ತುಂಬ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ಬಿಸಿಲೇರಿದರೆ ಟೈರು ಸಿಡಿದೀತೆಂದು ಕಾರನ್ನು ಹುಣಸೆಮರದ ನೆರಳಿಗೇ ನಿಲ್ಲಿಸಿ ಸುತ್ತಾಡಿ ಬಂದೆವು. ನೋಡಿದರೆ, ಹಿಂದಿನ ದಿನವಷ್ಟೇ ತೊಳೆಸಿದ್ದ ಕೆಂಪು ಕಾರಿಗೆ ಹಕ್ಕಿಗಳು ಸುಣ್ಣ ಬಳಿದಿದ್ದವು! ಕೆಲಸ ಇನ್ನೂ ಮುಗಿದಿರಲಿಲ್ಲ. ಹಕ್ಕಿಗಳನ್ನು ಓಡಿಸಲೆಂದು ಹಾರನ್ ಒತ್ತಿದೆ.

ಎದುರು ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಮೊರ ಬಿಟ್ಟು ಎದ್ದರು. "ಆರನ್ ಒಡೀಬ್ಯಾಡಿ ಸಾಮಿ! ಮರದ್ ಮ್ಯಾಲೆ ಎಣ್ಮಕ್ಳು ಬಾಣಂತನಕ್ಕೆ ಬಂದವ್ರೆ. ಅವ್ರಿಗೇಂತ ಆ ಮರದ ಉಣ್ಸೆಕಾಯ್ನೇ ನಾವು ಮುಟ್ಟಕಿಲ್ಲ. ನೀವು ಬಂದು ಪೋಂಯ್ ಅನ್ನುಸ್ತೀರಲ್ಲ!"

"ಕಾರು ನೋಡಮ್ಮ!"

"ಬಾಣ್ತಿ ಮನೆ ಅಂದ್ಮೇಲೆ ಒಸಿ ಗಲೀಜು ಇರಕಿಲ್ವಾ? ನಿಮ್ಮನೇಲಿ ಬಾಣಂತನನೇ ಆಗಿಲ್ವಾ?"

ಬೈಯುತ್ತಲೇ ಚೊಂಬಿನಲ್ಲಿ ನೀರು ತಂದುಕೊಟ್ಟರು. ಮುಂದಿನ ಗಾಜನ್ನಷ್ಟೇ ತೊಳೆದುಕೊಂಡು ಹೊರಟೆವು.

ಮಳವಳ್ಳಿಯಲ್ಲಿ ಬೀಗಿತ್ತಿ ಕಾರು ನೋಡಿ ಮೂಗಿಗೆ ಸೆರಗು ಹಿಡಿದರು. ಮಗಳು ಮಾತ್ರ ಹೊಸಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಾಲು ಊದಿತ್ತು. ನನ್ನ ನಾಲಿಗೆಯ ತುದಿಗೆ ಬಿಪಿ, ಉಪ್ಪು, ಆಸ್ಪತ್ರೆಯ ದೂರ, ದಾರಿಯ ಗುಂಡಿ ಎಲ್ಲ ಸಾಲುಗಟ್ಟಿ ಬಂದವು. ನುಂಗಿಕೊಂಡೆ.

"ಬಾಣಂತಿ ಮನೆಗೆ ಹೋಗಿದ್ವಿ ಕಣಮ್ಮ, ಒಸಿ ಗಲೀಜು ಇರಲ್ವಾ?" ಎಂದೆ.

ಮಗಳು ನಕ್ಕಳು. ಊಟಕ್ಕೆ ಕೂತಾಗ ಹೆಂಡತಿ ಹಾರನ್ನಿನ ಕಥೆಯನ್ನೆಲ್ಲ ಹೇಳಿ ನನ್ನ ಮಾನ ಕಳೆದಳು. ಆದರೂ ಊಟವಾದ ಮೇಲೆ ಮಗಳು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ವಾಪಸು ಬರುವಾಗ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು.

"ಅಪ್ಪಾ, ಇದು ಗಾಬರಿ ಅಲ್ವಾ?" ಎಂದಳು ಮಗಳು.

"ಹಾರನ್ ಹೊಡೆದ್ನೇನಮ್ಮ?" ಎಂದೆ.