ಡಂಗುರ ಸಾರಿದ ಮೇಲೆ ಉಳಿಯದ ಬಾಣೆ

ಕೊಡಗು ಮೈಸೂರಿನೊಂದಿಗೆ ವಿಲೀನವಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಪುಟ್ಟದಾದರೂ ಆಗ ನಮ್ಮದು ಸ್ವಂತ ರಾಜ್ಯ, ಮಡಿಕೇರಿಯೇ ರಾಜಧಾನಿ. ಕೆರೆ ಕಟ್ಟೆಗಳ ರಿಪೇರಿ ನೋಡಿಕೊಳ್ಳುವ ಸಬ್ ಓವರ್‌ಸಿಯರ್ ಆಗಿ ನನ್ನನ್ನು ಉತ್ತರ ಕೊಡಗಿಗೆ ಹಾಕಿದರು. ನಾನು ಭಾಗಮಂಡಲದ ಕಡೆಯವನು. ಮಳೆ ಸಾಕಪ್ಪಾ ಸಾಕು ಎಂದು ದೇವರಿಗೆ ಕೈಮುಗಿಯುವ ಜನ ನಾವು. ಕೊಡ್ಲಿಪೇಟೆಯಿಂದ ಪೂರ್ವಕ್ಕೆ ನಡೆದುಹೋಗಿ ಒಂದು ಊರಿನ ಕೆರೆಯನ್ನು ಮೊದಲ ಸಲ ನೋಡಿದಾಗ, ಇದೂ ಕೊಡಗೇ ಹೌದೇ ಎಂದು ಕಣ್ಣುಜ್ಜಿಕೊಂಡೆ. ಕೆರೆಯ ಅಂಗಳದಲ್ಲಿ ದನ ಮೇಯುತ್ತಿದ್ದವು.

ಕೊಡಗಿನಲ್ಲಿ ಬರವೇ ಎಂದು ನಗುವವರು ಈಗಲೂ ಇದ್ದಾರೆ. ನಗಲಿ. ಪಶ್ಚಿಮದ ಬೆಟ್ಟಗಳಲ್ಲಿ ಸುರಿದು ಸುಸ್ತಾದ ಮೋಡ ಈ ಪೂರ್ವದ ಅಂಚಿಗೆ ಬರುವಷ್ಟರಲ್ಲಿ ಜೇಬು ಖಾಲಿ ಮಾಡಿಕೊಂಡಿರುತ್ತದೆ. ಬಿದ್ದಷ್ಟು ಮಳೆಯನ್ನು ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಹೋಗುವ ಹೊತ್ತಿಗೆ ಎರಡು ವರ್ಷದಿಂದ ಕೆರೆಯ ಕೆಳಗಿನ ಕೊನೆಯ ಗದ್ದೆಗಳು ನಾಟಿ ಕಂಡಿರಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಅವರ ಮೊಮ್ಮಕ್ಕಳು ಅಲ್ಲೇ ಬಾಳುತ್ತಿದ್ದಾರೆ.

ಕಟ್ಟಕಡೆಯ ಗದ್ದೆ ನಂಜಮ್ಮನದು. ಮದುವೆಯಾಗಿ ಹಾಸನದ ಕಡೆಯಿಂದ ಗಂಡನ ಜೊತೆ ಬಂದು ನೆಲೆನಿಂತವಳು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಕಟ್ಟಿಕೊಂಡು ತಾನೇ ಬೇಸಾಯ ಮಾಡಿಸುತ್ತಿದ್ದಳು, ಮಗ ಎಸ್ಟೇಟೊಂದರ ಕೂಲಿಮನೆಗಳ ಲೈನಿನಲ್ಲಿದ್ದು ಕೂಲಿಗೆ ಹೋಗುತ್ತಿದ್ದ. ನಾನು ಏರಿಯ ಮೇಲೆ ಅಳತೆ ಹಿಡಿಯುತ್ತಿದ್ದಾಗ ನೇರವಾಗಿ ಎದುರಿಗೆ ಬಂದು ನಿಂತಳು.

“ಸ್ವಾಮಿ, ಈ ಸಲನಾದ್ರೂ ನನ್ ಗದ್ದೆಗೆ ನೀರು ಬತ್ತದಾ? ಇನ್ನೊಂದ್ ವರ್ಸ ಹಿಂಗೇ ಆದ್ರೆ ನಮ್ಮಣ್ಣ ಬಂದು ಕರ್ಕಂಡ್ ಹೋಯ್ತಾನೆ. ಈ ವಯಸ್ಸಲ್ಲಿ ತವರಿಗೆ ಹೋಗಿ ಅತ್ತಿಗೆ ಇಕ್ಕಿದ್ದು ಉಣ್ಣಕ್ಕೆ ನಂಗಾಗಾಕಿಲ್ಲ.”

ಬರುತ್ತದೆ ಎಂದೆ. ಹಾಗೆ ಹೇಳುವಷ್ಟು ಧೈರ್ಯ ಆ ವಯಸ್ಸಿನಲ್ಲಿ ಎಲ್ಲರಿಗೂ ಇರುತ್ತದೆ.

ಏರಿ ಎತ್ತರಿಸುವುದು, ತೂಬು ಸರಿಮಾಡುವುದು, ಕೋಡಿಗೆ ಕಲ್ಲು ಕಟ್ಟುವುದು, ಇಷ್ಟೇ ನನಗೆ ಕೊಟ್ಟ ಕೆಲಸ. ಆದರೆ ಎಸ್ಟಿಮೇಟಿಗಾಗಿ ಕೆರೆಯ ಸುತ್ತ ಓಡಾಡುವಾಗ ಕಷ್ಟದ ಬೇರು ಬೇರೆಲ್ಲೋ ಇದೆ ಎಂದು ತಿಳಿಯಿತು. ಕೆರೆಗೆ ಹಳ್ಳವಿಲ್ಲ, ಹೊಳೆಯಿಲ್ಲ. ಮೇಲಿನ ಗುಡ್ಡದ ನೀರೇ ಅದರ ಜೀವ. ನಮ್ಮ ಭಾಷೆಯಲ್ಲಿ ಅದು ಕ್ಯಾಚ್‌ಮೆಂಟ್, ಎಂದರೆ ಕೆರೆಗೆ ನೀರು ಕೂಡಿಸಿಕೊಡುವ ನೆಲ. ಊರಿನವರ ಭಾಷೆಯಲ್ಲಿ ಅದು ಬಾಣೆ. ಕೊಡಗಿನಲ್ಲಿ ಗದ್ದೆ ಇದ್ದವನಿಗೆ ಅದರ ಜೊತೆಗೆ ಗುಡ್ಡದಲ್ಲೊಂದು ಪಾಲು ಸಿಗುತ್ತದೆ. ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಎಲ್ಲ ಅಲ್ಲಿಂದಲೇ. ಗದ್ದೆಯನ್ನು ಸಾಕಲೆಂದೇ ಬಾಣೆ ಎಂದು ಹಿಂದಿನವರು ಕಟ್ಟುಮಾಡಿದ್ದು. ಆ ಗುಡ್ಡ ಊರಿನ ಗದ್ದೆಗಳವರಿಗೆ ಪಟ್ಟೆ ಪಟ್ಟೆಯಾಗಿ ಹಂಚಿಹೋಗಿತ್ತು. ಕಾಫಿಗೆ ಬೆಲೆ ಏರುತ್ತಿದ್ದ ಕಾಲವಾದ್ದರಿಂದ ಇಬ್ಬರು ಮೂವರು ಆಗಲೇ ತಮ್ಮ ಪಟ್ಟೆ ಬೋಳಿಸಿದ್ದರು. ಅಲ್ಲಿಂದ ಇಳಿದ ಕೊರಕಲುಗಳಲ್ಲಿ ಕೆಂಪು ಮಣ್ಣು ಕೆರೆಯವರೆಗೂ ಬಂದು ಕೂತಿತ್ತು.

ಏರಿಯನ್ನು ಎಷ್ಟು ಎತ್ತರಿಸಿದರೇನು? ಮೇಲೆ ಮರ ಹೋದರೆ ಕೆಳಗೆ ಮಣ್ಣಿನ ಡಬ್ಬಿ ಕಟ್ಟಿದ ಹಾಗೆಯೇ ಸರಿ.

ಮಡಿಕೇರಿಗೆ ಹೋಗಿ ನಮ್ಮ ಅಸಿಸ್ಟೆಂಟ್ ಇಂಜಿನಿಯರರಿಗೆ ಹೇಳಿದೆ. ಅವರು ಗದರಲಿಲ್ಲ. “ನೆಲ ಕಂದಾಯದವರದ್ದು, ನೀರು ನಮ್ಮದು. ಇಬ್ಬರೂ ಕೂತು ಮಾತಾಡೋಣ,” ಎಂದರು. ನಿಜಕ್ಕೂ ಕೂರಿಸಿದರು. ಆ ನಾಡಿನ ಪಾರುಪತ್ತೆಗಾರರು, ಈಗಿನ ರೆವಿನ್ಯೂ ಇನ್ಸ್‌ಪೆಕ್ಟರ್ ಎನ್ನಿ, ಅವರೂ ಒಳ್ಳೆಯವರೇ. ಉಳಿದ ಬಾಣೆಯನ್ನು ಕೆರೆಗೆಂದು ಕಾಯ್ದಿಡುವುದು, ಸೊಪ್ಪು ಸೌದೆ ಮೇವಿನ ಹಕ್ಕು ಮೊದಲಿನಂತೆಯೇ, ಬುಡಕ್ಕೆ ಕೊಡಲಿ ಮತ್ತು ನೇಗಿಲು ಮಾತ್ರ ಬೇಡ ಎಂದು ತೀರ್ಮಾನವಾಯಿತು. ಏರಿಯ ಕೆಲಸವೂ ಬಾಣೆಯ ಕೆಲಸವೂ ಒಂದೇ ಯೋಜನೆ. ನನ್ನ ಇಡೀ ಸರ್ವಿಸಿನಲ್ಲಿ ನೆಲ ಮತ್ತು ನೀರು ಒಂದೇ ಮೇಜಿನ ಮೇಲೆ ಬಂದದ್ದನ್ನು ನೋಡಿದ್ದು ಅದೊಂದೇ ಸಲ. ಎಷ್ಟು ಹಿಗ್ಗಿದ್ದೆ ಎಂದರೆ, ವಾಪಸು ಬರುವಾಗ ಮಾದಾಪುರದಲ್ಲಿ ಬಸ್ಸು ಕೆಟ್ಟು ನಿಂತರೂ ಬೇಜಾರಾಗಲಿಲ್ಲ.

ಊರಲ್ಲಿ ಸಭೆ ಕರೆದೆವು. ಪಟೇಲ ಶಾಂತಪ್ಪನವರು ಎದ್ದುನಿಂತು, “ಬಾಣೆ ಉಳುದ್ರೆ ಕೆರೆ, ಕೆರೆ ಉಳುದ್ರೆ ನಾವು. ಇದ್ರಲ್ಲಿ ಎರಡ್ ಮಾತಿಲ್ಲ,” ಎಂದರು. ಎಲ್ಲರೂ ತಲೆಯಾಡಿಸಿದರು. ಒಬ್ಬರ ಮನಸ್ಸಿನಲ್ಲೂ ಕಪಟವಿರಲಿಲ್ಲ ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ.

ಆದರೆ ಕಾನೂನೆಂಬುದೊಂದು ಇದೆಯಲ್ಲ. ಯಾರದೇ ನೆಲದ ಮೇಲೆ ಕಟ್ಟುಪಾಡು ಹಾಕುವ ಮುಂಚೆ ಊರಿನಲ್ಲಿ ಡಂಗುರ ಸಾರಬೇಕು, ತಕರಾರು ಹೇಳಲು ಕಾಲಾವಕಾಶ ಕೊಡಬೇಕು. ಆ ಅವಕಾಶ ಮುಗಿಯುವ ಹೊತ್ತಿಗೆ ಸಾಗುವಳಿಯಲ್ಲಿರುವ ಜಾಗವನ್ನು ಕಟ್ಟುಪಾಡಿನಿಂದ ಹೊರಗೆ ಬಿಡಬೇಕು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ತಮಟೆಯವನು ಕೇರಿ ಕೇರಿ ಸುತ್ತಿದ. “ಕೇಳ್ರಪ್ಪೋ ಕೇಳಿ! ಕೆರೆ ಮೇಲ್ಗಡೆ ಬಾಣೆನೆಲ್ಲ ಕಾಯ್ದಿಡ್ತಾರೆ! ಸಾಗುವಳಿ ಇರೋ ಜಾಗ ಬುಟ್ಟು! ತಕರಾರಿದ್ದೋರು ಬಂದು ಹೇಳ್ಕಳಿ!”

ತಕರಾರು ಹೇಳಲು ಒಬ್ಬನೂ ಬರಲಿಲ್ಲ. ಮಾರನೆಯ ದಿನ ಗುಡ್ಡದಲ್ಲಿ ಕೊಡಲಿಯ ಸದ್ದು ಕೇಳಿಸಿತು.

ಏದುಸಿರು ಬಿಡುತ್ತಾ ಹತ್ತಿ ನೋಡಿದರೆ ಪಟೇಲರದೇ ಪಟ್ಟೆ. ಆಳುಗಳು ಮರ ಉರುಳಿಸುತ್ತಿದ್ದರು, ಪಟೇಲರು ಕೊಡೆ ಹಿಡಿದು ನಿಂತಿದ್ದರು.

“ಏನ್ ಪಟೇಲ್ರೇ ಇದು? ಸಭೆಯಲ್ಲಿ ನೀವೇ ಹೇಳಿದ್ದು!”

ಅವರಿಗೂ ನಾಚಿಕೆಯಾಗಿತ್ತು. ನೆಲ ನೋಡುತ್ತಾ ಹೇಳಿದರು: “ಹೇಳಿದ್ದು ನಿಜ ಕಣ್ರೀ. ಆದ್ರೆ ಒಂದ್ಸಲ ಕಾಯ್ದಿಟ್ರೆ ಮೊಮ್ಮಕ್ಕಳ ಕಾಲಕ್ಕೂ ಅದು ತೋಟ ಆಗಲ್ಲ. ಸಾಗುವಳಿ ಇದ್ದೋರಿಗೆ ಉಳೀತದೆ, ಸುಮ್ನೆ ಕೂತೋರಿಗೆ ಹೋಯ್ತದೆ. ನಮ್ ಪಾಲು ಒಂದು ಹೋದ್ರೆ ಕೆರೆಗೇನ್ ಕಮ್ಮಿ ಆಯ್ತದೆ? ಮಿಕ್ಕೋರದ್ದು ಇದೆಯಲ್ಲ.”

ಆ ಮಿಕ್ಕವರೂ ಇದೇ ಮಾತನ್ನು ಆಡಿಕೊಂಡು ಕತ್ತಿ ಮಸೆಯುತ್ತಿದ್ದರು. ನಾನು ಓಡಿ ಪಾರುಪತ್ತೆಗಾರರ ಮನೆಗೆ ಹೋದೆ. ಅವಕಾಶಗಿವಕಾಶ ಬೇಡ, ನಾಳೆಯೇ ಹುಕುಂ ಹೊರಡಿಸಿ ಎಂದು ಕೂಗಾಡಿಬಿಟ್ಟೆ. ಅವರು ನೀರು ಕೊಟ್ಟು ಕೂರಿಸಿದರು.

“ಕೇಳದೆ ಹೇಳದೆ ಒಬ್ಬರ ನೆಲ ಮುಟ್ಟೋಕೆ ಇದೇನು ಪಾಳೆಗಾರರ ಕಾಲವೇ? ನಿಮ್ಮ ತಂದೆಯ ಬಾಣೆಗೆ ಹೀಗೆ ಮಾಡಿದರೆ ನೀವು ಸುಮ್ಮನಿರ್ತೀರಾ?”

ಇರುತ್ತಿರಲಿಲ್ಲ. ಕೆಟ್ಟವರು ಯಾರಾದರೂ ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಸಾರದೆ ಹೋದರೆ ಅನ್ಯಾಯ, ಸಾರಿದರೆ ಗುಡ್ಡ ಬೋಳು. ಇದಕ್ಕೆ ಯಾವ ಮ್ಯಾನುಯಲ್ಲಿನಲ್ಲಿ ಉತ್ತರ ಇದೆ ಎಂದು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ.

ದಿನ ಕಳೆದಂತೆ ಗುಡ್ಡದಲ್ಲಿ ಹೊಗೆ ಏಳತೊಡಗಿತು. ಕಡಿದದ್ದನ್ನು ಸುಟ್ಟು, ಮೊದಲ ಮಳೆಗೆ ನಾಲ್ಕು ಹಿಡಿ ರಾಗಿ ಚೆಲ್ಲಿದರೆ ಸಾಗುವಳಿಯಾಯಿತು. ನೆರಳಿಗೆ ಮರ ಇಟ್ಟುಕೊಂಡು ಕಾಫಿ ಗಿಡ ಹಾಕುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ಬೂದಿಯ ನಡುವೆ ನಂಜಮ್ಮನ ಪಟ್ಟೆಯೊಂದೇ ಹಸಿರಾಗಿ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತಿತ್ತು. ಒಬ್ಬಳಾದರೂ ಇದ್ದಾಳಲ್ಲ ಎಂಬ ಸಮಾಧಾನ.

ಅವಕಾಶ ಮುಗಿಯಲು ಇನ್ನೇನು ಬಂತು ಎನ್ನುವಾಗ ಮತ್ತೆ ಹತ್ತಿದೆ. ನಂಜಮ್ಮನೂ ಸೊಸೆಯೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡಿಯುತ್ತಿದ್ದರು.

“ನಂಜಮ್ಮಾ, ನೀನೂನಾ?”

ಆಕೆ ಕತ್ತಿ ಕೆಳಗಿಡಲಿಲ್ಲ. “ಮತ್ತೇನ್ ಮಾಡ್ಲಿ ಸ್ವಾಮಿ? ಸುತ್ಲೂ ಬೋಳುಸ್ಬುಟ್ರು. ನನ್ ಒಂದ್ ಪಟ್ಟೆ ನಿಂತ್ಕಂಡು ಕೆರೆ ತುಂಬುಸ್ತದಾ? ತುಂಬುಸುದ್ರೂ ಮೊದ್ಲು ಪಟೇಲ್ರ ಗದ್ದೆ, ಕಡೀಗೆ ನಂದು. ನೀರಂತೂ ಹೋಯ್ತು. ಎರಡ್ ಮೂಟೆ ರಾಗಿನಾದ್ರೂ ಆಗ್ಲಿ ಬುಡಿ. ಅದೂ ಬ್ಯಾಡ ಅಂತೀರಾ?”

ನಾನು ಗುಡ್ಡ ಇಳಿದು ಬಂದೆ.

ಕಾಯ್ದಿಡಲು ಜಾಗವೇ ಇಲ್ಲವಾದ್ದರಿಂದ ಬಾಣೆಯ ಪ್ರಸ್ತಾವ ಕೈಬಿಟ್ಟರು. ಏರಿಗೆ ಹಣ ಮಂಜೂರಾಗಿತ್ತು, ಆದ್ದರಿಂದ ಏರಿ ಮಾತ್ರ ಕಟ್ಟಿದೆವು. ಹುಲ್ಲಿನ ಹೊದಿಕೆ, ಹೊಸ ತೂಬು, ಕಲ್ಲಿನ ಕೋಡಿ, ಎಲ್ಲ ಚಂದವಾಗಿಯೇ ಬಂತು. ಮುಂಗಾರಿಗೆ ಕೆರೆ ಒಂದೇ ವಾರದಲ್ಲಿ ತುಂಬಿತು. ಊರವರು ನನಗೂ ಮೇಸ್ತ್ರಿಗೂ ಹಾರ ಹಾಕಿದರು. ನಾನು ಆ ನೀರಿನ ಬಣ್ಣ ನೋಡುತ್ತಿದ್ದೆ, ಕುಂಕುಮ ಕದಡಿದ ಹಾಗಿತ್ತು. ಆ ವರ್ಷ ನಂಜಮ್ಮನ ಗದ್ದೆಗೂ ನೀರು ಹೋಯಿತು, ನಾಟಿಯೂ ಆಯಿತು. ತೆನೆ ಕಟ್ಟುವ ಮುಂಚೆಯೇ ಕೆರೆ ಬತ್ತಿ ಪೈರು ಒಣಗಿತು. ಗುಡ್ಡದ ರಾಗಿಯೂ ಎರಡನೆಯ ಮಳೆಗಾಲಕ್ಕೆ ಮಣ್ಣು ಕೊಚ್ಚಿಹೋಗಿ ಕಲ್ಲು ಕಾಣಿಸಿ ನಿಂತುಹೋಯಿತು.

ವಿಲೀನವಾದ ಮೇಲೆ ನನಗೆ ವರ್ಗವಾಯಿತು. ಹೊರಡುವ ಮುಂಚೆ ಬೇಸಿಗೆಯಲ್ಲಿ ಕೊನೆಯ ಸಲ ಹೋದೆ. ನಾವು ಎತ್ತರಿಸಿದ್ದ ಏರಿಯ ಒಳಗೆ ಮಣ್ಣು ಸಮತಟ್ಟಾಗಿ ಕೂತಿತ್ತು. ಕೆರೆಯ ಗೋಡನ್ನು, ಎಂದರೆ ಹೂಳು ಮಣ್ಣನ್ನು, ಗದ್ದೆಗೆ ಹೊಡೆಯುವುದು ಆ ಕಡೆಯ ಪದ್ಧತಿ, ಊರೆಲ್ಲ ಅದೇ ಕೆಲಸದಲ್ಲಿತ್ತು. ನಂಜಮ್ಮನೂ ಕುಕ್ಕೆ ಹೊತ್ತು ಬರುತ್ತಿದ್ದಳು. ಅವಳ ಅಣ್ಣ ಗಾಡಿ ತಂದು ಜಗಲಿಯಲ್ಲಿ ಕಾಯುತ್ತಿದ್ದಾನೆ, ನಾಳೆ ಹೊರಡುವುದು ಎಂದು ಅವಳ ಸೊಸೆ ಹೇಳಿದಳು.

“ನಾಳೆ ಹೋಗುವವಳು ಇವತ್ಯಾಕಮ್ಮ ಮಣ್ಣು ಹೊರ್ತೀಯ?” ಎಂದೆ.

“ಗದ್ದೆ ನಂದಲ್ವಾ ಸ್ವಾಮಿ,” ಎಂದಳು.

ಮೂವತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿದೆ. ಏರಿ ಕಟ್ಟುವುದನ್ನು ಯಾರಿಗೆ ಬೇಕಾದರೂ ಕಲಿಸಿಬಿಡಬಹುದು. ‘ನನ್ನ ಪಾಲು ಒಂದು ಹೋದರೆ ಏನಾಯಿತು’ ಎನ್ನುವ ಮಾತಿಗೆ ಅಡ್ಡಲಾಗಿ ಕಟ್ಟುವ ಏರಿ ಯಾವುದೆಂದು ನನಗೆ ತಿಳಿಯಲಿಲ್ಲ. ಕೆಲಸ ನನಗೆ ಕಲಿಸಿದ್ದು ಅಷ್ಟೇ. ಉಳಿದದ್ದನ್ನು ಅವತ್ತು ಗದ್ದೆಯ ಬದುವಿನಲ್ಲಿ ಕುಕ್ಕೆ ಬೋರಲು ಹಾಕಿ, ಆ ಕೆಂಪು ಮಣ್ಣನ್ನು ಕಾಲಿನಿಂದ ಹರಡುತ್ತಾ ನಂಜಮ್ಮನೇ ಹೇಳಿದ್ದಳು.

“ನೋಡಿ ಸ್ವಾಮಿ, ಬಾಣೆ ಕೆರೆಗೆ ಬಂತು. ಕೆರೆ ಗದ್ದೆಗೆ ಬಂತು. ನೀರೊಂದು ಎಲ್ಲಿಗೂ ಬರ್ನಿಲ್ಲ.”