ಕರಿ ಐದು, ಬಿಳಿ ಐದು

ವಂದನಾರ್ಪಣೆಯಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಿದವರು ಇದುವರೆಗೆ ಸಿಕ್ಕಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಕಾರ್ಯಕ್ರಮಗಳಲ್ಲಿ ಹಾಡುವವರಿಗೆ ಹಾರ್ಮೋನಿಯಂ ಸಾಥ್ ಕೊಡುವುದು ನನ್ನ ಕೆಲಸ. ಹಾಗಾಗಿ ವಂದನಾರ್ಪಣೆಯನ್ನು ಪೂರ್ತಿ ಕೇಳಲೇಬೇಕಾದ ಕೆಲವೇ ಮಂದಿಯಲ್ಲಿ ನಾನೂ ಒಬ್ಬಳು; ಕೆಳಗೆ ಕುಳಿತವರು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ. ಶಾಮಿಯಾನದವರಿಗೆ, ಮೈಕಿನವರಿಗೆ, ಉಪ್ಪಿಟ್ಟು ಮಾಡಿಸಿದವರಿಗೆ ವಂದನೆ ಸಂದ ಮೇಲೆ ನನ್ನ ಸರದಿ. ಒಮ್ಮೆ ಶ್ರೀಮತಿಯಾಗಿದ್ದೇನೆ, ಒಮ್ಮೆ ಶ್ರೀಯುತನೂ ಆಗಿದ್ದೇನೆ. ಹಂಪಿಯಲ್ಲಿ ಒಬ್ಬರು ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿ, ಕೊನೆಗೆ ‘ಪೇಟಿ ಮೇಡಂ’ ಎಂದು ಮುಗಿಸಿದರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರಾದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ.

ಇದು ದೂರಲ್ಲ. ಧನ್ಯವಾದ ಹೇಳುವುದು ನನಗೂ ಬರುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ, ಆ ವರ್ಷ ನೆರವಾದವರಿಗೆಲ್ಲ ನಾಲ್ಕು ಸಾಲು ಬರೆಯೋಣವೆಂದು ಫೋನ್ ಹಿಡಿದು ಕೂರುತ್ತೇನೆ. ದೋಣಿಮಲೈ ಗಣಿಯ ಕ್ವಾರ್ಟರ್ಸಿಗೆ ಸಂಗೀತ ಪಾಠ ಹೇಳಲು ಹೋಗುವಾಗ ಪೇಟಿಗೂ ಒಂದು ಸೀಟು ಬಿಡಿಸಿಕೊಡುವ ಬಸ್ಸಿನ ಡ್ರೈವರಣ್ಣನಿಗೆ ಏನೆಂದು ಬರೆಯುವುದು? ‘ನಿಮ್ಮ ಉಪಕಾರವನ್ನು ಎಂದಿಗೂ ಮರೆಯಲಾರೆ’ ಎಂದು ಬರೆದರೆ ಆತ ಗಾಬರಿಯಾಗಿ ಫೋನ್ ಮಾಡಿಯಾನು. ಬರೆದು, ಅಳಿಸಿ, ಕೊನೆಗೆ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತೇನೆ.

ಓದಿದ ವಿಷಯ ಭಾಷೆಯಾದ್ದರಿಂದ, ಮಾತು ಬಾರದಿದ್ದಾಗ ಮಾತಿನ ಬೇರು ಕೆದಕುವ ಚಟ ನನಗಿದೆ. ‘ಸಹಾಯ’ ಎಂಬುದರ ಮೂಲ ಅರ್ಥ ಜೊತೆಯಲ್ಲಿ ಹೋಗುವವನು ಎಂದು. ‘ಸಾಥ್’ನ ಮೂಲದಲ್ಲಿ ಇರುವುದು ಸಾರ್ಥ, ಅಂದರೆ ಒಟ್ಟಾಗಿ ದಾರಿ ಸಾಗುವ ವ್ಯಾಪಾರಿಗಳ ತಂಡ. ಎರಡರಲ್ಲೂ ಕೊಡುವ ಮಾತಿಲ್ಲ, ನಡೆಯುವ ಮಾತಿದೆ. ಇದನ್ನು ತಿಳಿದುಕೊಂಡು ನಾನು ಸಾಕಷ್ಟು ಹೆಮ್ಮೆಪಟ್ಟಿದ್ದೆ. ಅದು ಹುಲಿಗೆಮ್ಮಕ್ಕನ ಮನೆಗೆ ಹೋಗುವ ಮೊದಲು.

ಬುಕ್ಕಸಾಗರದ ಹುಲಿಗೆಮ್ಮಕ್ಕ ಹಿಂದೆ ನಾಟಕ ಕಂಪನಿಗಳಲ್ಲಿ ಹಾಡಿದವರು. ಈಗ ಭತ್ತದ ಗದ್ದೆ, ಸೋಮವಾರದ ಭಜನೆ. ಪೇಟಿಯ ಮನೆಗಳಲ್ಲಿ, ಅಂದರೆ ಬೆರಳಿಡುವ ಪಟ್ಟಿಗಳಲ್ಲಿ, ಬಿಳಿಯವನ್ನು ಬೇರೆ, ಕರಿಯವನ್ನು ಬೇರೆ ಎಣಿಸಿ ಶ್ರುತಿ ಹೇಳುವುದು ಕಂಪನಿಯವರ ರೂಢಿ. ಈಕೆಯದು ಕರಿ ಐದು. ಆ ಎತ್ತರದಲ್ಲಿ ಮೈಕಿಲ್ಲದೆ ಹಾಡಿದ್ದಕ್ಕೆ ಜನ ಅವರನ್ನು ಈಗಲೂ ಕರಿ ಐದರ ಹುಲಿಗೆಮ್ಮ ಎಂದೇ ಗುರುತಿಸುತ್ತಾರೆ. ಈ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಹಾಡು ಉಳಿಯಿತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಕಂಪ್ಲಿಯ ಗೆಳೆಯರ ಬಳಗವೊಂದು ವರ್ಷದ ಕೊನೆಗೆ ಅವರ ಸಹಾಯಾರ್ಥ ಸಂಗೀತ ಸಂಜೆ ಇಟ್ಟಿತು. ಅಧ್ಯಕ್ಷರು ಅಕ್ಕಿ ಮಿಲ್ಲಿನ ಸಾವ್ಕಾರರು, ನಿಜಕ್ಕೂ ಒಳ್ಳೆಯವರು. ಊರೂರಿನ ಗಾಯಕರು ಹಾಡುವುದು, ಹುಲಿಗೆಮ್ಮಕ್ಕ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುವುದು, ಕೊನೆಗೆ ಶಾಲು ಹೊದಿಸುವುದು ಅವರ ಯೋಜನೆ. ಅದನ್ನು ತಿಳಿಸಲು ಬುಕ್ಕಸಾಗರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಹುಲಿಗೆಮ್ಮಕ್ಕ ಎಲ್ಲವನ್ನೂ ಕೇಳಿಸಿಕೊಂಡು, “ನನ್ನ ಸಲುವಾಗಿ ಹಾಡ್ತೀರಿ, ನನ್ನ ಬಿಟ್ಟು ಹಾಡ್ತೀರೇನ್ರಿ ಸಾವ್ಕಾರ್ರ? ನಾ ಇನ್ನಾ ಅದೀನ್ರಿ” ಎಂದರು.

ಸಾವ್ಕಾರರು ತಲೆ ಕೆರೆದುಕೊಂಡರು. ನಡುವೆ ದನಿ ಒಡೆದರೆ ಅಷ್ಟು ಮಂದಿಯ ಎದುರು ಆಕೆಗೇ ನೋವಾಗುತ್ತದೆ ಎಂಬುದು ಅವರ ಅಂಜಿಕೆ. ಕೊನೆಗೆ ಒಂದು ಹಾಡು ಎಂದು ಒಪ್ಪಿದರು, ಅದೂ ಗಂಟಲು ಒಪ್ಪಿದರೆ. ಒಪ್ಪಿಸುವ ಹೊಣೆ ನನ್ನ ಮೇಲೆ ಬಿತ್ತು.

ಮೊದಲ ದಿನದ ಅಭ್ಯಾಸದಲ್ಲಿ ಅವರು ಕರಿ ಐದನ್ನೇ ಕೇಳಿದರು. ಪಲ್ಲವಿ ಹೇಗೋ ದಾಟಿತು. ಮೇಲಿನ ಷಡ್ಜಕ್ಕೆ ದನಿ ಒಡೆದು ಕೆಮ್ಮಾಯಿತು. ಸ್ವಲ್ಪ ಇಳಿಸೋಣವೇ ಎಂದೆ. “ಇಳಿಸಿದ್ರ ಮಂದಿ ನನ್ನ ಏನಂತ ಕರೀಬೇಕವ್ವಾ?” ಎಂದು ನೀರು ಕುಡಿಯಲು ಎದ್ದು ಹೋದರು.

ನನ್ನದು ಸ್ಕೇಲ್ ಚೇಂಜರ್ ಪೇಟಿ. ಒಂದು ಗುಂಡಿಯಂಥ ಗುಬಟು ತಿರುಗಿಸಿದರೆ ಮನೆಗಳ ಸಾಲೇ ಪಕ್ಕಕ್ಕೆ ಸರಿಯುತ್ತದೆ. ಬೆರಳು ಕರಿ ಐದರ ಮೇಲೆಯೇ ಇರುತ್ತದೆ, ಕೇಳಿಸುವ ಸ್ವರ ಬೇರೆ. ಎರಡನೆಯ ದಿನ, ಅವರು ಚಹಾ ತರಲು ಒಳಗೆ ಹೋದಾಗ, ಸದ್ದಿಲ್ಲದೆ ಗುಬಟು ತಿರುಗಿಸಿ ಬಿಳಿ ಐದರ ಶ್ರುತಿಗೆ ಇಳಿಸಿದೆ. ಹಾಡು ಮೊದಲಿಂದ ಕೊನೆಯವರೆಗೆ ಎಲ್ಲೂ ಎಡವಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಕಪ್ಪಿನಿಂದ ಬಸಿಗೆ ಸುರಿದ ಚಹಾ ಎತ್ತಿಕೊಂಡೆ.

“ಕಣ್ಣಿಗೆ ಕರಿ ಐದು, ಕಿವಿಗೆ ಬಿಳಿ ಐದು. ಭಾಳ ಜಾಣಿ ಅದೀ” ಎಂದರು ಹುಲಿಗೆಮ್ಮಕ್ಕ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗುಬಟಿನ ಮೇಲೆ ಬೆರಳಿಟ್ಟು, “ಸಾಥ್ ಕೊಡು ತಂಗಿ. ಆದ್ರ ನನಗ ಮೊದ್ಲ ಹೇಳಿ, ಆಮ್ಯಾಲ ಕೊಡು” ಎಂದರು.

ಹೊಸಪೇಟೆಗೆ ಮರಳುವ ಬಸ್ಸಿನಲ್ಲಿ ನನ್ನ ಪದಜ್ಞಾನವೆಲ್ಲ ತೊಡೆಯ ಮೇಲಿನ ಪೇಟಿಗಿಂತ ಭಾರವಾಗಿತ್ತು. ಕುರ್ಚಿಯಲ್ಲಿ ಕೂರಿಸಲು ಹೊರಟ ಸಾವ್ಕಾರರ ಬಗ್ಗೆ ಒಳಗೊಳಗೇ ನಕ್ಕಿದ್ದೆನಲ್ಲ. ನಾನು ಮಾಡಿದ್ದೂ ಅದನ್ನೇ, ಕುರ್ಚಿಯ ಬದಲು ಗುಬಟಿನಿಂದ. ಜೊತೆಗೆ ನಡೆಯುವುದೆಂದರೆ ಎತ್ತ ಹೊರಟಿದ್ದೀರಿ ಎಂದು ಮೊದಲು ಕೇಳಬೇಕೆಂಬುದು ನಿಘಂಟಿನಲ್ಲಿ ಇರಲಿಲ್ಲ. ಬಹುಶಃ ಅಷ್ಟು ಸಣ್ಣ ಸಂಗತಿಯನ್ನು ಯಾರೂ ಬರೆದಿಡುವುದಿಲ್ಲ.

ಕಾರ್ಯಕ್ರಮದ ಸಂಜೆ ಶ್ರುತಿಯನ್ನು ನಾನು ಆರಿಸಲಿಲ್ಲ, ಅವರೇ ಹೇಳಲೆಂದು ಕಾದೆ. ಗುಬಟು ತನ್ನ ಮೊದಲಿನ ಜಾಗದಲ್ಲಿತ್ತು. ಹುಲಿಗೆಮ್ಮಕ್ಕ ಸೆರಗು ಸರಿಪಡಿಸಿಕೊಂಡು, ಮೈಕಿನಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದರು: “ಬಿಳಿ ಐದು ಕೊಡವ್ವಾ.”

ಹಿಂದಿನ ಸಾಲಿನಿಂದ ಹಳೆಯ ಅಭಿಮಾನಿಯೊಬ್ಬರು ಕೇಳಿಯೇ ಬಿಟ್ಟರು, “ಕರಿ ಐದು ಎಲ್ಲಿ ಹೋತಬೇ, ಹುಲಿಗೆಮ್ಮ?”

“ಐದು ಐದ ಐತೋ ಯಪ್ಪಾ. ಬಣ್ಣ ಅಷ್ಟ ಬ್ಯಾರೆ.”

ಶಾಮಿಯಾನದ ಉದ್ದಕ್ಕೂ ನಗು ಹರಿಯಿತು. ಆ ನಗು ಅಡಗುವ ಮೊದಲೇ ಅವರು ಹಾಡು ಎತ್ತಿಕೊಂಡರು. ಉಸಿರು ತಗ್ಗಿದ ಕಡೆ ನಾನು ಪೇಟಿಯಿಂದ ತುಂಬಿದೆ; ಅವರು ಮರಳಿದಾಗ ಹಿಂದೆ ಸರಿದೆ. ಮೇಲಿನ ಷಡ್ಜದಲ್ಲಿ ದನಿ ಸ್ವಲ್ಪ ನಡುಗಿತು, ಒಡೆಯಲಿಲ್ಲ. ಒಂದೇ ಹಾಡು ಎಂದಿದ್ದ ಸಾವ್ಕಾರರೇ ಇನ್ನೊಂದಕ್ಕೆ ಚೀಟಿ ಕಳಿಸಿದರು.

ಶಾಲು ಹೊದಿಸಿದ್ದಾಯಿತು, ವಂದನಾರ್ಪಣೆ ಶುರುವಾಯಿತು. ಶಾಮಿಯಾನ, ಮೈಕು, ಉಪ್ಪಿಟ್ಟು. ಈ ಸಲ ಅವರ ಚೀಟಿಯ ಪ್ರಕಾರ ನಾನು ತಬಲಾ ಬಾರಿಸಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಲಿಗೆಮ್ಮಕ್ಕ ಹೊದ್ದಿದ್ದ ಶಾಲನ್ನು ತೆಗೆದು, ಮಡಿಕೆ ಬಿಡಿಸಿ, “ಪೇಟಿಗೆ ಥಂಡಿ ಹತ್ತತೈತಿ” ಎಂದು ಗೊಣಗುತ್ತ ಅದರ ಮೇಲೆ ಹೊದಿಸಿದರು.

ಅವರ ವಂದನಾರ್ಪಣೆ ಅಷ್ಟೇ. ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಆದ್ದರಿಂದ ತಪ್ಪಾಗುವ ಪ್ರಶ್ನೆಯೂ ಬರಲಿಲ್ಲ.